ಬೀಳ್ಕೊಡುಗೆಯ ಕೇಕು

ಎಲ್ಲಾ ತೊಂದರೆಗೂ ಮೂಲ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದ ಒಂದು ಸುತ್ತೋಲೆ. 'ಬೇಕರಿ, ಹೋಟೆಲ್ ಮುಂತಾದ ಕಡೆಯಿಂದ ಖರೀದಿಸಿದ ತಿಂಡಿಗಳನ್ನು ಶಾಲೆಯ ಆವರಣದೊಳಗೆ ತರುವುದನ್ನು ನಿಷೇಧಿಸಲಾಗಿದೆ.' ಕೆಳಗೆ ಹೆಡ್‌ಮಾಸ್ಟರ್ ನರಸಿಂಹರಾಜು ಅವರ ಸಹಿ, ಸಹಿಯ ಕೆಳಗೆ ಎರಡು ಗೆರೆ. ಈಗ ಅದೇ ನರಸಿಂಹರಾಜು ಮಧುಗಿರಿಯ ಶಾಲೆ ಬಿಟ್ಟು, ಅದೇ ಸಂಸ್ಥೆಯವರ ಪಾವಗಡದ ಶಾಲೆಗೆ ಹೊರಟಿದ್ದರು. ಬೀಳ್ಕೊಡುಗೆಗೆ ಕೇಕ್ ಬೇಕು. ಬೇಕರಿಯಿಂದ ತರುವ ಹಾಗಿಲ್ಲ.

"ಶೃತಿ ಮನೇಲೇ ಮಾಡ್ಕೊಂಡು ಬರ್ತಾಳೆ ಬಿಡಿ" ಎಂದರು ಕನ್ನಡ ಮೇಡಂ ಗಂಗಾಂಬಿಕಾ. "ಅವಳ ಮದುವೆಗೆ ಯಾರೋ ಓವನ್ ಕೊಟ್ಟಿದ್ರಲ್ಲ. ಸಾಹೇಬ್ರು ಮೊಟ್ಟೆ ಮುಟ್ಟಲ್ಲ. ಬರೀ ಮೈದಾ ಅಂದ್ರೆ ಭಾಷಣ ಮಾಡ್ತಾರೆ. ಆಪಲ್ ಹಾಕ್ಬಿಡು. ಮೇಲೆ ಅದೇನೋ ಹೊಳೀತಾ ಇರತ್ತಲ್ಲ, ಕ್ಯಾರಮೆಲ್ಲು, ಅದನ್ನೂ ಸುರಿ."

ಗಣಿತದ ಟೀಚರ್ ಶೃತಿಗೆ ಮೈ ಉರಿಯಿತು. ಆ ಮನುಷ್ಯನಿಗೆ ತಾನು ಕೇಕ್ ಮಾಡಬೇಕೆ? ಆರು ದಿನವೂ ಕೊನೆಯ ಪೀರಿಯಡ್ ತನಗೇ ಹಾಕಿ, ಕೊರಟಗೆರೆಗೆ ಹೋಗುವ ನಾಲ್ಕೂಕಾಲಿನ ಬಸ್ಸು ವರ್ಷವಿಡೀ ಕಣ್ಣೆದುರೇ ಹೊರಟುಹೋಗುವಂತೆ ಮಾಡಿದವರು ಅವರೇ. ತಮ್ಮನ ನಿಶ್ಚಿತಾರ್ಥಕ್ಕೆ ಒಂದು ದಿನ ರಜೆ ಕೇಳಿದಾಗ ಅರ್ಜಿಯ ಮೇಲೆ 'ನಿಶ್ಚಿತಾರ್ಥ ತಮ್ಮನದು, ತಮ್ಮದಲ್ಲ. ನಿರಾಕರಿಸಲಾಗಿದೆ' ಎಂದು ಬರೆದವರೂ ಅವರೇ. ಆ ಅರ್ಜಿಯನ್ನು ಅವಳು ಇನ್ನೂ ಹರಿದಿರಲಿಲ್ಲ. ಸಿಟ್ಟು ಕಡಿಮೆಯಾದಾಗಲೆಲ್ಲ ತೆಗೆದು ಓದುತ್ತಿದ್ದಳು.

"ನಾನು ಮಾಡಲ್ಲ" ಎಂದಳು.

"ಅವರಿಗೆ ಅಂತ ಯಾಕೆ ಮಾಡ್ತೀಯಾ? ಅವರು ಹೋಗ್ತಾ ಇರೋದಕ್ಕೆ ಅಂತ ಮಾಡು" ಎಂದರು ಗಂಗಾಂಬಿಕಾ.

ಈ ಮಾತು ಕೆಲಸ ಮಾಡಿತು.

ಶುಕ್ರವಾರ ಬೆಳಗ್ಗೆ ಶೃತಿ ಅರ್ಧ ದಿನದ ರಜೆ ಹಾಕಿ, ಕೊರಟಗೆರೆಯ ಮನೆಯ ಅಟ್ಟದಿಂದ ಓವನ್ ಇಳಿಸಿ ಒರೆಸಿದಳು. ಗಂಡ ಅನಿಲ್ ಕುಮಾರ್ ಸಿರಾದಲ್ಲಿ ಕೆಲಸವಿದೆಯೆಂದು ಆರು ಗಂಟೆಗೇ ಜಾರಿಕೊಂಡಿದ್ದ. ಹಿಂದಿನ ಸಂಜೆ ತಂದ ಐದು ಸೇಬನ್ನು ಹುಡುಕಿದರೆ ಬುಟ್ಟಿಯಲ್ಲಿ ಎರಡೇ ಇದ್ದವು.

"ಅತ್ತೆ, ಇನ್ನು ಮೂರು ಸೇಬು ಎಲ್ಲಿ?"

ಅತ್ತೆ ಗಂಗಲಕ್ಷ್ಮಮ್ಮ ದೇವರ ಮನೆಯಿಂದಲೇ ಉತ್ತರ ಕೊಟ್ಟರು. "ಶುಕ್ರವಾರ ಅಲ್ವೇನಮ್ಮಿ, ದೇವ್ರಿಗೆ ಮಡಗಿವ್ನಿ. ಮನೆಗೆ ಹಣ್ಣು ಬಂದ್ರೆ ಮೊದ್ಲು ದೇವ್ರು ಬೇಡ್ವಾ?"

"ಪೂಜೆ ಆಯ್ತಲ್ಲ, ಈಗ ಕೊಡಿ."

"ಪ್ರಸಾದ ಮಾಡಿ ನಮ್ ಸಾಲಿನ ಮನೆಯೋರ್ಗೆಲ್ಲಾ ಹಂಚ್‌ಬುಟ್ಟೆ."

ಶೃತಿ ಹಲ್ಲು ಕಚ್ಚಿಕೊಂಡು ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿದಳು. ಅವಳು ಮೂರು ಸೇಬು ಹಿಡಿದು ವಾಪಸ್ಸು ಬರುವ ಹೊತ್ತಿಗೆ ಪ್ರಸಾದ ತಿಂದ ಪಕ್ಕದ ಮನೆಯ ಸರೋಜಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತಾಗಿತ್ತು. ಸರೋಜಮ್ಮ ದಿನವೂ ಇಷ್ಟಲಿಂಗ ಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ಪೂಜೆ ಮುಗಿದ ಮೇಲೆ ಬೇರೆಯವರ ಅಡುಗೆಮನೆ ನೋಡದೆ ಊಟ ಮುಟ್ಟುವವರೂ ಅಲ್ಲ.

"ಕೇಕಂತೆ. ಮೊಟ್ಟೆ ಹಾಕ್ತೀಯಾ?"

"ಇಲ್ಲ ಸರೋಜಮ್ಮ. ಮೊಸರು ಹಾಕ್ತೀನಿ."

"ಮೊಟ್ಟೆ ಇಲ್ದೆ ಹೆಂಗೆ ಉಬ್ತೈತೆ?"

"ಸೋಡಾ ಹಾಕ್ತೀನಿ, ಉಬ್ಬತ್ತೆ."

"ಅಂಗಂತ ಎಲ್ರೂ ಹೇಳ್ತಾರೆ ಕಣಮ್ಮ" ಎಂದ ಸರೋಜಮ್ಮ ಕಸದ ಬುಟ್ಟಿಯ ಕಡೆಗೆ ಬಾಗಿ, ಮೊಟ್ಟೆಯ ಚಿಪ್ಪಿದೆಯೇ ಎಂದು ಪೊರಕೆಯ ಕಡ್ಡಿಯಿಂದ ಕೆದಕಿ ನೋಡಿದರು.

ಶೃತಿ ಸೇಬಿನ ಸಿಪ್ಪೆ ತೆಗೆದು ಚಿಕ್ಕದಾಗಿ ಹೆಚ್ಚಿದಳು. ಒಂದೊಂದು ಸೇಬನ್ನು ಕತ್ತರಿಸುವಾಗಲೂ ನರಸಿಂಹರಾಜು ಅವರ ಒಂದೊಂದು ಸಹಿ ಕಣ್ಣ ಮುಂದೆ ಬಂದು, ಚಾಕು ತಾನಾಗಿಯೇ ಚುರುಕಾಗಿ ಆಡಿತು. ಬೆಣ್ಣೆ, ಸಕ್ಕರೆ, ಮೊಸರು, ಮೈದಾ, ಸೋಡಾ, ಚಿಟಿಕೆ ಚಕ್ಕೆಪುಡಿ ಎಲ್ಲ ಸೇರಿಸಿ ಹಿಟ್ಟು ಕಲಸಿ, ಹೋಳು ಬೆರೆಸಿ, ಪಾತ್ರೆಗೆ ಸುರಿದು ಓವನ್ನಿನೊಳಗಿಟ್ಟಳು. "ನಲವತ್ತು ನಿಮಿಷ ಬಾಗಿಲು ತೆಗೀಬಾರದು" ಎಂದು ಇಬ್ಬರಿಗೂ ಹೇಳಿ ಸ್ನಾನಕ್ಕೆ ಹೋದಳು.

ಬಂದು ನೋಡಿದರೆ ಸರೋಜಮ್ಮ ಓವನ್ನಿನ ಬಾಗಿಲು ತೆರೆದು ಒಳಗೆ ಮುಖ ಹಾಕಿದ್ದರು. ಹಿಂದೆ ನಿಂತ ಗಂಗಲಕ್ಷ್ಮಮ್ಮ ಟಾರ್ಚ್ ಬಿಡುತ್ತಿದ್ದರು.

"ಯಾಕೆ ತೆಗೆದ್ರಿ?"

"ಉಬ್ಬೈತಾ ಅಂತ ನೋಡಾನ ಅಂತ ತೆಗೆದೆ. ಉಬ್ಬಿತ್ತು ಕಣಮ್ಮ, ಸುಳ್ಳು ಹೇಳ್ಬಾರದು. ಮೂರನೇ ಸಲ ತೆಗೆದಾಗ ಇಂಗೆ ಕುಂತ್ಕತು."

ಕೇಕಿನ ನಡುಭಾಗ ಕುಸಿದು ಹೋಗಿ, ಅಂಚು ಮಾತ್ರ ಎದ್ದು ನಿಂತಿತ್ತು. ಬೇಸಿಗೆಯಲ್ಲಿ ಬತ್ತಿದ ಕಟ್ಟೆಯ ಹಾಗೆ ಕಾಣುತ್ತಿತ್ತು. ಶೃತಿ ಬಾಯಿಗೆ ಬಂದದ್ದನ್ನೆಲ್ಲ ನುಂಗಿ, ಬಾಗಿಲು ದೂಡಿ, ಓವನ್ನಿಗೆ ಬೆನ್ನು ಕೊಟ್ಟು ಕಾವಲು ನಿಂತಳು. ಸೀರೆ ಬಿಸಿಯಾದರೂ ಕದಲಲಿಲ್ಲ.

ಬೆಂದ ಕೇಕನ್ನು ಹೊರಗೆ ತೆಗೆದದ್ದಾಯಿತು. ಇನ್ನು ಕ್ಯಾರಮೆಲ್. ಬಾಣಲೆಯಲ್ಲಿ ಸಕ್ಕರೆ ಕರಗಿ ಬಣ್ಣ ತಿರುಗುವ ಹೊತ್ತಿಗೆ ಸರಿಯಾಗಿ ಹಿತ್ತಲ ಬಾಗಿಲಿಂದ ಕದಿರಯ್ಯ ಬಂದರು. ಕದಿರಯ್ಯ ಎದುರು ಮನೆಯವರು, ನಿವೃತ್ತ ಬಸ್ ಕಂಡಕ್ಟರು. ಎಳೆಯ ವಯಸ್ಸಿನಲ್ಲಿ ಎರಡು ವರ್ಷ ಆಲೆಮನೆಯಲ್ಲಿದ್ದೆ ಎಂಬ ಬಲದ ಮೇಲೆ ಸಿಹಿಯ ವಿಚಾರದಲ್ಲಿ ಕೊನೆಯ ಮಾತು ಅವರದೇ.

"ಏನಮ್ಮಿ, ಸಕ್ಕರೆ ಸೀಯಿಸ್ತಿದೀಯಾ? ವಾಸನೆ ನಮ್ಮನೆ ತಂಕ ಬಂತು."

"ಸೀದಿಲ್ಲ ಅಂಕಲ್. ಇದು ಹಿಂಗೇ ಆಗ್ಬೇಕು."

"ಹೆಂಗೆ? ಪಾಕ ಅಂದ್ರೆ ನೀರಿರ್ಬೇಕು. ಒಣ ಸಕ್ಕರೆ ಹುರೀತಾರಾ? ಆಲೆಮನೇಲಿ ಇಂಗೆ ಮಾಡಿದ್ರೆ ಕೊಪ್ಪರಿಗೆಗೇ ತಳ್ತಿದ್ರು." ಹೀಗೆಂದವರು ಅವಳು ತಡೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಚೊಂಬಿನ ತಣ್ಣೀರನ್ನು ಬಾಣಲೆಗೆ ಸುರಿದುಬಿಟ್ಟರು.

ಬಾಣಲೆ ಬುಸ್ಸೆಂದಿತು. ಹಬೆ ಚಾವಣಿಗೆ ಹೊಡೆಯಿತು. ಸರೋಜಮ್ಮ ಶಿವಶಿವಾ ಎನ್ನುತ್ತ ಬಾಗಿಲ ತನಕ ಓಡಿದರು. ಹಬೆ ಇಳಿದ ಮೇಲೆ ನೋಡಿದರೆ ಸಕ್ಕರೆ ಬಾಣಲೆಯ ತಳಕ್ಕೆ ಕಲ್ಲಾಗಿ ಕೂತು, ಸಟ್ಟುಗ ಅದರೊಳಗೆ ನೆಟ್ಟ ಕಂಬದಂತೆ ನಿಂತಿತ್ತು.

"ಗಟ್ಟಿ ಪಾಕ" ಎಂದರು ಕದಿರಯ್ಯ, ಸ್ವಲ್ಪ ಹಿಂದೆ ಸರಿದು. "ಉಂಡೆ ಕಟ್ಬೋದು."

ಶೃತಿಯ ಸಹನೆಯ ಕಟ್ಟೆಯೊಡೆಯಿತು. "ಹೊರಗೆ" ಎಂದಳು. ದನಿ ಎತ್ತರಿಸಲಿಲ್ಲ, ಆದರೆ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನವರು ಆ ದನಿಗೆ ಹೆದರುತ್ತಿದ್ದರು. "ಮೂರು ಜನಾನೂ ಹೊರಗೆ. ಅತ್ತೆ, ನೀವೂನೂ."

"ನನ್ನ ಮನೇಲಿ ನನ್ನನ್ನೇ?" ಎಂದರು ಗಂಗಲಕ್ಷ್ಮಮ್ಮ.

"ಒಂದು ಗಂಟೆ ಮಟ್ಟಿಗೆ ಇದು ನನ್ನ ಅಡುಗೆಮನೆ."

ಬಾಗಿಲ ಚಿಲಕ ಬಿತ್ತು. ಆಚೆಯಿಂದ "ಟೀಚರ್ ಕೆಲಸ ಸಿಕ್ದಾಗಿಂದ ಇಂಗೇ ಬುಡು" ಎಂಬ ಮಾತು ಕೇಳಿಸಿತು. ಅವಳು ಕಿವಿಗೊಡಲಿಲ್ಲ. ಬೇರೆ ಬಾಣಲೆ, ಬೇರೆ ಸಕ್ಕರೆ. ಕೊತಕೊತ ಕುದಿಯುವ ಸಕ್ಕರೆಯನ್ನು ಅವಳು ದುರುಗುಟ್ಟಿ ನೋಡಿದಳು. ಅದಕ್ಕೂ ಹೆದರಿಕೆಯಾಯಿತೋ ಏನೋ, ಒಂದು ಹರಳೂ ಕಟ್ಟದೆ ಜೇನಿನ ಬಣ್ಣಕ್ಕೆ ತಿರುಗಿತು. ಬೆಣ್ಣೆ, ಹಾಲಿನ ಕೆನೆ, ಒಂದು ಚಿಟಿಕೆ ಉಪ್ಪು ಹಾಕಿ ತಿರುವಿ, ಕೇಕಿನ ಮೇಲೆ ಸುರಿದಳು. ಕುಸಿದ ಕುಳಿಯೆಲ್ಲ ತುಂಬಿ, ಅಂಚಿನಿಂದ ನಿಧಾನವಾಗಿ ಇಳಿದು, ಕೇಕು ಕನ್ನಡಿಯ ಹಾಗೆ ಹೊಳೆಯಿತು. ಕುಸಿಯದೇ ಇದ್ದಿದ್ದರೆ ಅಷ್ಟು ಕ್ಯಾರಮೆಲ್ ನಿಲ್ಲುತ್ತಲೂ ಇರಲಿಲ್ಲ. ಅಂಚಿನಿಂದ ಒಂದು ಚೂರು ಮುರಿದು ಬಾಯಿಗಿಡೋಣ ಎನಿಸಿತು. ಗಡಿಯಾರ ಹನ್ನೆರಡೂವರೆ ತೋರಿಸಿತು. ತಿನ್ನಲಿಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಸ್ಟೀಲ್ ಡಬ್ಬಿಯನ್ನು ಎರಡು ಕೈಯಲ್ಲೂ ಎದೆಯ ಮಟ್ಟಕ್ಕೆ ಹಿಡಿದು ಶೃತಿ ನಿಂತಳು. ಹಿಂದಿನಿಂದ ಒಬ್ಬಾತ ಹುರುಳಿಕಾಳಿನ ಚೀಲವನ್ನು ಅವಳ ಪಾದದ ಮೇಲೆಯೇ ಇಳಿಸಿದ.

"ಕಾಲು ನಂದು" ಎಂದಳು.

"ಚೀಲ ನಂದು. ಎಲ್ಲಿ ಮಡಗಾನ?" ಎಂದ ಆತ. ಆಮೇಲೆ ಡಬ್ಬಿ ನೋಡಿ, "ಅದ್ನಾರ ಕೆಳಗಿಳ್ಸಕ್ಕ, ನನ್ನ ಚೀಲದ್ ಮ್ಯಾಲೆ ಮಡಗು."

"ಬೇಡ."

"ಏನೈತೆ ಅದ್ರಾಗೆ?"

"ಹೆಡ್‌ಮಾಸ್ಟರು" ಎಂದಳು ಶೃತಿ, ಸಿಟ್ಟಿನಲ್ಲಿ. ಆತ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ. ಅಕ್ಕಪಕ್ಕದವರು ಮೆಲ್ಲನೆ ಒಂದೊಂದು ಗೇಣು ಸರಿದರು. ಹದಿನೆಂಟು ಕಿಲೋಮೀಟರು, ಏಳು ಬ್ರೇಕು, ಪ್ರತಿ ಬ್ರೇಕಿಗೂ ಅವಳ ಸೊಂಟ ಕಂಬಿಗೆ ಬಡಿಯಿತು. ಡಬ್ಬಿ ಮಾತ್ರ ಅಲುಗಲಿಲ್ಲ.

ಮೂರೂವರೆಗೆ ಸ್ಟಾಫ್ ರೂಮಿನಲ್ಲಿ ಬೀಳ್ಕೊಡುಗೆ. ನರಸಿಂಹರಾಜು ಕೊರಳಿನಲ್ಲಿ ಗಂಧದ ಹಾರ ಹಾಕಿಸಿಕೊಂಡು ಕೂತಿದ್ದರು. ಗಂಗಾಂಬಿಕಾ "ತಮ್ಮ ಅಗಲಿಕೆಯನ್ನು ಹೇಗೆ ತಡೆದುಕೊಳ್ಳುವುದೋ ತಿಳಿಯದು" ಎಂದು ಬರೆದುಕೊಂಡು ಬಂದದ್ದನ್ನು ಒಂದಿಷ್ಟೂ ನಗದೆ ಓದಿದರು. ಹಿಂದಿನ ಸಾಲಿನಲ್ಲಿ ಡ್ರಿಲ್ ಮಾಸ್ಟರ್ ಗೌರೀಶ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಶೃತಿ ಡಬ್ಬಿಯ ಮುಚ್ಚಳ ತೆಗೆದಳು. ಹಿಂದಿನ ಸಾಲಿನವರೂ ಎದ್ದು ನಿಂತು ನೋಡಿದರು.

"ಇದು ಬೇಕರಿಯದೇ?" ಎಂದು ಹುಬ್ಬು ಗಂಟಿಕ್ಕಿದರು ನರಸಿಂಹರಾಜು.

"ಇಲ್ಲ ಸಾರ್. ಮನೇಲಿ ನಾನೇ ಮಾಡಿದ್ದು. ಮೊಟ್ಟೆ ಇಲ್ಲ."

ಅವರು ಒಂದು ತುಂಡು ಬಾಯಿಗಿಟ್ಟರು. ಇನ್ನೊಂದು ತುಂಡು ತಿಂದರು. ಮೂರನೆಯದನ್ನು ಅರ್ಧ ತಿಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ತೇವವಾಗಿದ್ದವು. ಅವರ ಮುಖ ಹಾಗಾದದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

"ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ನಾಲ್ಕು ಶಾಲೆಗಳಿಂದ ಬೀಳ್ಕೊಂಡಿದ್ದೇನೆ" ಎಂದರು. "ಎಲ್ಲ ಕಡೆಯೂ ಒಂದು ಶಾಲು, ಒಂದು ಗಡಿಯಾರ. ಯಾರೂ ನನಗಾಗಿ ಒಲೆ ಹಚ್ಚಿದವರಿಲ್ಲ. ನಿಜ ಹೇಳುತ್ತೇನೆ, ಈ ವರ್ಗಾವಣೆಯನ್ನು ನಾನೇ ಕೇಳಿ ಪಡೆದದ್ದು. ಇಲ್ಲಿ ನಾನು ಯಾರಿಗೂ ಬೇಡದವನು ಎಂದು ತಿಳಿದಿದ್ದೆ. ಅರ್ಧ ದಿನದ ರಜೆ ಹಾಕಿ, ತಮ್ಮ ಕೈಯಾರೆ..."

ಶೃತಿಗೆ ತಾನೆಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಒಂದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಸಿಟ್ಟು, ಅದೂ ಇಂಥ ಹೊತ್ತಿನಲ್ಲಿ, ಮೆತ್ತಗಾಗತೊಡಗಿತು. ಪಾಪ ಅನ್ನಿಸಿತು. ಹೋಗುವ ಮನುಷ್ಯ, ಹೋಗಲಿ ಎಂದುಕೊಂಡಳು.

ನರಸಿಂಹರಾಜು ಜೇಬಿನಿಂದ ಫೋನ್ ತೆಗೆದು ಪಾವಗಡದಲ್ಲಿದ್ದ ಸಂಸ್ಥೆಯ ಕಾರ್ಯದರ್ಶಿಗೆ ಕರೆ ಮಾಡಿದರು. ಪಾವಗಡದ ಕಡೆಯವರೊಡನೆ ಅವರು ತೆಲುಗಿನಲ್ಲೇ ಮಾತಾಡುವುದು.

"ಸಾರ್, ನಾ ಟ್ರಾನ್ಸ್‌ಫರು ವದ್ದು ಸಾರ್. ಕ್ಯಾನ್ಸಲ್ ಚೇಯಂಡಿ. ನೇನು ಇಕ್ಕಡೇ ಉಂಟಾನು."

ಸ್ಟಾಫ್ ರೂಮಿನಲ್ಲಿ ತೆಲುಗು ಬಾರದವರು ನಾಲ್ಕು ಜನರಿದ್ದರು. ಅವರಿಗೂ ಅರ್ಥವಾಯಿತು. ಗೌರೀಶ್ ಬಾಯಿಂದ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಗಂಗಾಂಬಿಕಾ ಅವರ ಕೈಯಲ್ಲಿದ್ದ ಅಗಲಿಕೆಯ ಹಾಳೆ ಮೆಲ್ಲಗೆ ಮುದ್ದೆಯಾಯಿತು.

ನರಸಿಂಹರಾಜು ಫೋನ್ ಜೇಬಿಗಿಳಿಸಿ, "ಒಪ್ಪಿದರು. ನಿವೃತ್ತಿಗೆ ಇನ್ನು ಆರು ವರ್ಷವಿದೆ. ಅಷ್ಟೂ ಇಲ್ಲಿಯೇ" ಎಂದರು. ಯಾರೋ ಒಬ್ಬರು ಗಾಬರಿಯಲ್ಲಿ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಬೇಕಾಯಿತು. "ಶೃತಿಯವರೇ, ಉಳಿದದ್ದನ್ನು ಮನೆಯವರಿಗೆ ಒಯ್ಯುತ್ತೇನೆ. ಡಬ್ಬಿ ನಾಳೆ ಕೊಡುತ್ತೇನೆ." ಅವರು ತಾವೇ ಮುಚ್ಚಳ ಹಾಕಿ, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹಾರ ಸಮೇತ ತಮ್ಮ ಕೋಣೆಗೆ ಹೊರಟರು.

ಬಾಗಿಲು ಮುಚ್ಚಿದ್ದೇ ತಡ, ಹದಿನಾಲ್ಕು ಜೊತೆ ಕಣ್ಣುಗಳು ಶೃತಿಯ ಕಡೆ ತಿರುಗಿದವು. ಬೆಳಗಿನಿಂದ ಒಂದು ತುತ್ತೂ ತಿನ್ನದ ಅವಳ ಹೊಟ್ಟೆ ಗುರ್ರೆಂದಿತು.

ಗಂಗಾಂಬಿಕಾ ಹಲ್ಲು ಕಡಿಯುತ್ತಾ ಹತ್ತಿರ ಬಂದರು.

"ಅಷ್ಟು ಚೆನ್ನಾಗಿ ಮಾಡು ಅಂತ ನಿಂಗೆ ಯಾರು ಹೇಳಿದ್ರು?"