ಮೇಲೇರಿದ ಮಾವನ ಕಾರು

ತೊಂದರೆಗೆಲ್ಲ ಕಾರಣ ಕಾರಿನ ಅಡಿಯಲ್ಲಿ ಕೇಳಿಸಿದ ಕಟಕಟ ಸದ್ದು. ಕಾರು ಮಾವನದು. ಮಾವ ಪರವೂರಿನಲ್ಲಿದ್ದಾಗ ಅಳಿಯ ಹೇಳದೆ ಕೇಳದೆ ಅದನ್ನು ಹೊರತೆಗೆದಿದ್ದ. ಸಂಜೆ ಅವರು ಮರಳುವುದರೊಳಗೆ ಅದು ಶೆಡ್ಡು ಸೇರದಿದ್ದರೆ, ಕನ್ನಡಕದ ಅಂಗಡಿಯಲ್ಲಿ ಅವರೇ ಕೊಡಿಸಿದ್ದ ಕೆಲಸಕ್ಕೂ, ಮನೆಯಲ್ಲಿ ಅವರ ಮಗಳು ಉಳಿಸಿದ್ದ ಅಲ್ಪಸ್ವಲ್ಪ ಮರ್ಯಾದೆಗೂ ಸಂಚಕಾರ.

ಗ್ಯಾರೇಜಿನ ಮೆಕ್ಯಾನಿಕ್ ಕಾರನ್ನು ಹೈಡ್ರಾಲಿಕ್ ಲಿಫ್ಟಿನಲ್ಲಿ ಆಳೆತ್ತರಕ್ಕೆ ಏರಿಸಿ, ಭದ್ರತೆಗೆಂದು ಕಂಬದೊಳಗಿನ ಕೊಂಡಿಯ ಮೇಲೆ ಕೂರಿಸಿದ. ಅಷ್ಟರಲ್ಲಿ ಕರೆಂಟು ಹೋಯಿತು. ಕೊಂಡಿ ಬಿಡಿಸಲು ಮೊದಲು ಬೆರಳಷ್ಟು ಮೇಲೆತ್ತಬೇಕು, ಎತ್ತಲು ಮೋಟಾರು ಬೇಕು ಎಂದವನೇ ಊಟಕ್ಕೆ ಹೊರಟುಹೋದ. ಇಳಿಯಲು ಏರಬೇಕೆಂಬ ನ್ಯಾಯ ಅಳಿಯನಿಗೆ ತನ್ನ ಸಂಸಾರದಷ್ಟೇ ತಲೆಕೆಳಗಾಗಿ ಕಂಡಿತು.

ಪಕ್ಕದ ಟ್ಯೂಷನ್ ಮೇಷ್ಟ್ರು ಕರೆಯದೆಯೇ ಹಾಜರಾದರು. ಮುಚ್ಚಿಟ್ಟ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಕುಂದದೆ ಎಲ್ಲೆಡೆಗೂ ಹರಡುತ್ತದೆಂಬ ನಿಯಮವನ್ನು ಅವರು ವರ್ಷವರ್ಷವೂ ಕಲಿಸಿದವರು, ಒಮ್ಮೆಯೂ ಕಲಿತವರಲ್ಲ. ಕ್ಷೌರದಂಗಡಿಯ ಕುರ್ಚಿ, ಮಣ್ಣೆತ್ತುವ ಯಂತ್ರ, ಕಾರಿನ ಬ್ರೇಕು ಎಂದು ಹೈಡ್ರಾಲಿಕ್ಸಿನ ಉಪಯೋಗಗಳನ್ನೆಲ್ಲ ಪಠಿಸಿ, ಇಳಿಸುವ ಹಿಡಿಕೆಯನ್ನು ಎಳೆದರು. ಕಾರು ಕದಲಲಿಲ್ಲ.

“ಭಾರ ಸಾಲ್ತಿಲ್ಲ ಕಣಯ್ಯ. ಎಣ್ಣೆ ವಾಪಸ್ ಹೋಗ್ಬೇಕಾದ್ರೆ ಮೇಲಿಂದ ಒತ್ಬೇಕು. ಹತ್ತಿ ಕೂತ್ಕೋ.”

ಕೊಂಡಿ ಇರುವುದೇ ಭಾರ ಹೊರಲು. ಇಷ್ಟು ಯೋಚಿಸುವ ತಲೆ ಅಲ್ಲಿ ಒಂದೂ ಇರಲಿಲ್ಲವಾದ್ದರಿಂದ ಅಳಿಯ ಏಣಿ ಹತ್ತಿ ಕಾರಿನೊಳಗೆ ಕೂತ. ಎದುರಂಗಡಿಯ ದರ್ಜಿ ಬಂದು, ಏಣಿ ತನ್ನದೆಂದು ಹೊತ್ತುಕೊಂಡು ಹೋದ. ಹಕ್ಕಿ ಮರೆತುಹೋದ ಮೊಟ್ಟೆಯಂತೆ ಅಳಿಯ ಮೇಲೆಯೇ ಉಳಿದ.

ಗುಂಪು ಸೇರಿತು. ಗುಂಪು ಕಂಡಲ್ಲೆಲ್ಲ ಅಧ್ಯಕ್ಷತೆ ವಹಿಸುವ ಹಿರಿಯರೊಬ್ಬರು ಬಸ್ಸಿಳಿದು, ಸೂಟ್‌ಕೇಸಿನಿಂದ ದಾರಿ ಬಿಡಿಸಿಕೊಂಡು ಒಳಬಂದರು. ಅವರು ಮಾವ, ನಿರೀಕ್ಷೆಗಿಂತ ಮೊದಲೇ ಮರಳಿದ್ದರು. ಅಳಿಯ ಸೀಟಿನ ಮೇಲೆ ಅಂಗಾತ ಮಲಗಿ ಉಸಿರು ಬಿಗಿಹಿಡಿದ.

ಮಾವ ನೇರ ಕಾರಿನ ಅಡಿಗೆ ಬಂದು ಕತ್ತೆತ್ತಿದರು. ವಾರಕ್ಕೆರಡು ಸಲ ಅದರ ಮೈಗೆ ಪಾಲಿಶ್ ಹಚ್ಚುತ್ತಿದ್ದ ಅವರು ಹೊಟ್ಟೆಯನ್ನು ಮಾತ್ರ ಎಂದೂ ನೋಡಿದವರಲ್ಲ. ತುಕ್ಕು ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.

“ಏನ್ರೀ ಇದು, ಕಾರೋ ಕಸದ ತೊಟ್ಟಿಯೋ? ಇದನ್ನ ಇಟ್ಕೊಂಡಿರೋ ಗೂಬೆಗೆ ನಾಚಿಕೆ ಆಗ್ಬೇಕು. ನನ್ನ ಕಾರಿನ ಅಡೀನ ನೀವು ನೋಡ್ಬೇಕು, ಕನ್ನಡಿ.”

ಗುಂಪು ತಲೆದೂಗಿತು. ಇಂಥವರಿಗೆಲ್ಲ ಕಾರು ಕೊಡಲೇಬಾರದೆಂದು ಅವರು ಭಾಷಣ ಮುಂದುವರಿಸಿದಾಗ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಆಗಲೇ ಕರೆಂಟು ಬಂತು, ತೇಗುತ್ತ ಮೆಕ್ಯಾನಿಕ್ಕೂ ಬಂದ. ಕಾರು ಬೆರಳಷ್ಟು ಏರಿ, ಕೊಂಡಿ ಕಳಚಿ, ನಿಧಾನವಾಗಿ ಇಳಿಯತೊಡಗಿತು. ಪಕ್ಕಕ್ಕೆ ಸರಿದ ಮಾವನ ಕಣ್ಣೆದುರು ಚಕ್ರ, ನಂಬರ್ ಪ್ಲೇಟು, ತಾವೇ ಉಜ್ಜಿದ ಬಾಗಿಲು, ಕೊನೆಗೆ ಕಿಟಕಿಯಲ್ಲಿ ಅಳಿಯನ ಮುಖ ಒಂದೊಂದಾಗಿ ಇಳಿದುಬಂದವು.

ಮಾವನ ಮುಖ ಕೆಂಪಾಯಿತು, ಗುಂಪನ್ನು ಕಂಡು ಬಿಳಿಚಿತು. ಅಳಿಯ ಕೆಳಗಿಳಿದು ಕ್ಷಮೆ ಕೇಳಲು ಬಾಯಿ ತೆರೆದ.

“ಇದು ನಿಮ್ಮದಾ ಅಳಿಯಂದ್ರೇ?” ಎಂದು ಮಾವ ಎಲ್ಲರಿಗೂ ಕೇಳುವಂತೆ ತಡೆದರು. “ಕಾರು ತಗೊಂಡಿದ್ದು ಒಂದು ಮಾತು ಹೇಳ್ಬಾರ್ದಿತ್ತಾ?”

ಬದುಕಿದೆ ಎಂದುಕೊಂಡು ಅಳಿಯ ತಲೆಯಾಡಿಸಿದ. ಆದರೆ ಮೇಷ್ಟ್ರು ಬಿಡುವವರೇ? ಮಾವ ಹೊಗಳಿದ್ದ ಕನ್ನಡಿಯಂಥ ಆ ಕಾರನ್ನು ತಮ್ಮ ವಿದ್ಯಾರ್ಥಿಗಳಿಗೂ ತೋರಿಸಬೇಕೆಂದು ಅಂಗಲಾಚಿದರು.

“ಧಾರಾಳವಾಗಿ. ಸಂಜೆ ಎಲ್ಲರನ್ನೂ ಕರ್ಕೊಂಡು ಬನ್ನಿ,” ಎಂದರು ಮಾವ, ಸೂಟ್‌ಕೇಸನ್ನು ಅಳಿಯನ ಕೈಗಿಡುತ್ತ. “ಅಳಿಯಂದ್ರೇ ತೋರಿಸ್ತಾರೆ, ಅಡಿ ಸಮೇತ. ಶೆಡ್ಡಿನ ಬೀಗದ ಕೈ ಅವರ ಹತ್ರಾನೇ ಇದೆ.”