ಬದಲಿ ಆಟಗಾರನಿಗೆ ನಾನು ಕಟ್ಟಿದ ಬೆಲೆ

ಗುದ್ದಿಸಿಕೊಂಡು ಬಂದ ಕಾರಿನ ಬಾನೆಟ್ ಮೇಲೆ ಒಮ್ಮೆ ಕೈಯಾಡಿಸಿದರೆ ಸಾಕು, ಅದಕ್ಕೆ ಎಷ್ಟು ಕೊಡಬೇಕು, ಎಷ್ಟು ಕೊಡಬಾರದು ಎಂದು ಹೇಳಬಲ್ಲೆ. ವಾಹನ ವಿಮೆಯ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷದಿಂದ ವಿಜಯನಗರ ಮತ್ತು ಕೆಂಗೇರಿ ನಡುವಿನ ಎಲ್ಲ ಗ್ಯಾರೇಜುಗಳಲ್ಲೂ ಶಾಪ ಹಾಕಿಸಿಕೊಂಡವನು ನಾನು. ಹಾಗಾಗಿ ಒಬ್ಬ ಆಟಗಾರನಿಗೆ ಬೆಲೆ ಕಟ್ಟುವ ಕೆಲಸ ಬಂದಾಗ ಒಂದು ಕ್ಷಣವೂ ಹಿಂಜರಿಯಲಿಲ್ಲ. ಹಿಂಜರಿಯಬೇಕಿತ್ತು.

ಕೆಲಸ ಕೊಟ್ಟವನು ನನ್ನ ಹೆಂಡತಿ ಸುಮಿತ್ರಳ ತಮ್ಮ ಕೃಷ್ಣಪ್ಪ. ಕೆಂಗೇರಿಯಲ್ಲಿ ಸಿಮೆಂಟ್ ಅಂಗಡಿ ಇದೆ, ದುಡ್ಡಿದೆ, ಬುದ್ಧಿಯ ವಿಷಯ ಬೇಡ. ಮಿಕ್ಕವರು ಕಬಡ್ಡಿ ತಂಡವನ್ನೋ ಕ್ರಿಕೆಟ್ ತಂಡವನ್ನೋ ಸಾಕಿದರೆ ಇವನು ಅಮೆರಿಕನ್ ಫುಟ್‌ಬಾಲ್ ತಂಡವನ್ನು ಸಾಕುತ್ತಿದ್ದಾನೆ. ಹೆಸರಿಗೆ ಫುಟ್‌ಬಾಲ್, ಚೆಂಡು ಹಿಡಿಯುವುದು, ಎಸೆಯುವುದು ಎಲ್ಲ ಕೈಯಲ್ಲಿ. ಇದನ್ನು ಆಟ ಎನ್ನುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ.

"ಭಾವ, ನಮ್ ಟೀಮಲ್ಲಿ ಇಬ್ರು ಪಾಸ್ ರಷರ್ ಇದಾರೆ" ಎಂದ ಕೃಷ್ಣಪ್ಪ, ನಮ್ಮ ಮನೆಯ ಸೋಫಾದಲ್ಲಿ ಕಾಫಿ ಹೀರುತ್ತಾ. "ಎದುರು ಟೀಮಿನೋನು ಚೆಂಡು ಎಸೆಯೋಕೆ ಮುಂಚೆ ನುಗ್ಗಿ ಅವನನ್ನ ಬೀಳಿಸ್ಬೇಕು, ಅದೇ ಅವರ ಕೆಲಸ. ದಯಾನಂದ ಮೇನ್ ಆಟಗಾರ, ಲೋಕೇಶ ಬ್ಯಾಕಪ್. ಲೋಕೇಶನ ಒಪ್ಪಂದ ಮುಗೀತು. ಮುಂದಿನ ಸೀಸನ್ನಿಗೆ ಇಟ್ಕೊಳ್ಳೋದಾ, ಬಿಡೋದಾ, ಇಟ್ಕೊಂಡ್ರೆ ಎಷ್ಟಕ್ಕೆ? ಭಾನುವಾರ ರಾಜಾಜಿನಗರದವರ ಮೇಲೆ ಮ್ಯಾಚಿದೆ. ಇಬ್ರನ್ನೂ ಆಡಿಸ್ತಾರೆ, ಒಬ್ಬ ಈ ಕಡೆ, ಒಬ್ಬ ಆ ಕಡೆ. ನಂಗೆ ಒಂದು ಗೃಹಪ್ರವೇಶ ಇದೆ. ನೀವು ನೋಡಿ ಹೇಳಿ."

"ನಿಮ್ಮ ಭಾವನಿಗೆ ಆ ಆಟದ ಗಂಧಗಾಳಿ ಇಲ್ಲ ಕಣೋ" ಎಂದಳು ಸುಮಿತ್ರ.

"ಬೆಲೆ ಕಟ್ಟೋಕೆ ಆಟ ಯಾಕೆ ಗೊತ್ತಿರಬೇಕು? ನಂಗೆ ಕಾರು ಓಡಿಸೋಕೆ ಬರುತ್ತಾ?" ಎಂದೆ. ಇದನ್ನು ಇಷ್ಟು ಹೆಮ್ಮೆಯಿಂದ ಹೇಳಿಕೊಂಡ ಸರ್ವೇಯರ್ ಬೆಂಗಳೂರಿನಲ್ಲಿ ಇನ್ನೊಬ್ಬನಿರಲಾರ.

ದಯಾನಂದ ಕೃಷ್ಣಪ್ಪನ ಹೆಂಡತಿಯ ಅಣ್ಣನ ಮಗ. ಎರಡು ಮ್ಯಾಚಿನಿಂದ ಒಬ್ಬನನ್ನೂ ಹಿಡಿದಿಲ್ಲವಂತೆ. ಅವನ ಜೆರ್ಸಿ ನಂಬರ್ ಏನು ಎಂದು ಕೇಳಿದೆ. ಐವತ್ತಮೂರು ಎಂದ. "ಐದು, ಮೂರು, ಎಂಟು. ಶನಿ ಸಂಖ್ಯೆ. ನನ್ನ ಹತ್ರ ಗುದ್ದಿಸ್ಕೊಂಡು ಬರೋ ಕಾರುಗಳ ನಂಬರ್ ಕೂಡಿಸಿ ನೋಡು, ಅರ್ಧಕ್ಕರ್ಧ ಎಂಟೇ ಬರುತ್ತೆ. ಅವನು ಯಾರನ್ನ ಹಿಡೀತಾನೆ, ಶನಿನೇ ಅವನನ್ನ ಹಿಡಿದಿದ್ದಾನೆ" ಎಂದು ನಕ್ಕೆ. ಕೃಷ್ಣಪ್ಪ ನಗಲಿಲ್ಲ. ಸ್ಕೂಟರಿಗೆ ನಂಬರ್ ತೆಗೆದುಕೊಳ್ಳುವಾಗಲೂ ಮೊತ್ತ ಒಂದು ಬರಲಿ ಎಂದು ನಾಲ್ಕು ತಿಂಗಳು ಕಾದ ಮನುಷ್ಯ ಅವನು. ನನಗೆ ಅದು ಆಗಲೇ ಹೊಳೆಯಬೇಕಿತ್ತು.

ಭಾನುವಾರ ಮೈದಾನಕ್ಕೆ ಪ್ಯಾಡು, ಪೆನ್ನು, ಟೇಪು ಸಮೇತ ಹೋದೆ. ಟೇಪು ಯಾಕೆ ಎಂದು ಕೇಳಬೇಡಿ, ಅಭ್ಯಾಸ. ಆಟ ಶುರುವಾಗುವ ಮುಂಚೆ, ಇನ್ನೂ ಬನಿಯನ್ನಿನಲ್ಲೇ ಇದ್ದ ಲೋಕೇಶನೇ ಬಂದು ನಮಸ್ಕಾರ ಮಾಡಿದ. ಇಪ್ಪತ್ತೈದರ ಹುಡುಗ, ಬಾಪೂಜಿ ನಗರದಲ್ಲಿ ಅಪ್ಪನದು ಹಿಟ್ಟಿನ ಗಿರಣಿ.

"ಸಾರ್, ಸರಿಯಾಗಿ ನೋಡಿ ಬರೀರಿ ಸಾರ್. ಈ ಸಲ ಒಪ್ಪಂದ ಆಗ್ಲಿಲ್ಲ ಅಂದ್ರೆ ಆಟ ಬಿಟ್ಟು ಗಿರಣೀಲಿ ಕೂರ್ತೀನಿ ಅಂತ ಅಪ್ಪಂಗೆ ಮಾತು ಕೊಟ್ಟಿದೀನಿ."

"ನನ್ನ ಹತ್ತಿರ ಶಿಫಾರಸು ನಡೆಯೋದಿಲ್ಲಪ್ಪ" ಎಂದೆ ಗಂಭೀರವಾಗಿ. ಪಾಪ, ಅವನು ಶಿಫಾರಸು ಕೇಳಿರಲಿಲ್ಲ. ನೋಡಿ ಎಂದಿದ್ದ, ಅಷ್ಟೇ.

ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡು ಕಟ್ಟಿದ ಮೇಲೆ ಎಲ್ಲರೂ ಒಂದೇ ಗಾತ್ರದ ಗೋದ್ರೇಜ್ ಬೀರುಗಳು. ಮುಖ ಕಾಣದು. ನಂಬರ್ ಮಾತ್ರ ಕಾಣುತ್ತದೆ. ದಯಾನಂದನದು ಐವತ್ತಮೂರು, ಲೋಕೇಶನದು ನಲವತ್ತಾರು ಎಂದು ಕೃಷ್ಣಪ್ಪ ಬರೆದುಕೊಟ್ಟಿದ್ದ ಚೀಟಿ ಜೇಬಿನಲ್ಲಿತ್ತು. ಸರ್ವೇಯರಿಗೆ ನಂಬರ್ ಸಿಕ್ಕಿದ ಮೇಲೆ ಮುಖ ಯಾಕೆ?

ಐವತ್ತಮೂರು ಮಾತ್ರ ಬೆಂಕಿ. ಎದುರು ತಂಡದ ಇಬ್ಬರು ದಢೂತಿಗಳ ನಡುವೆ ಹಾವಿನ ಹಾಗೆ ನುಸುಳಿ, ಚೆಂಡು ಎಸೆಯುವವನನ್ನು ಮೂರು ಸಲ ಸೊಂಟ ಹಿಡಿದು ಕೆಡವಿದ. ಹಿಡಿಯಲಾಗದಿದ್ದಾಗಲೂ ಹೆದರಿಸಿ ಚೆಂಡನ್ನು ಅಡ್ಡಾದಿಡ್ಡಿ ಎಸೆಯುವಂತೆ ಮಾಡಿದ. ನಲವತ್ತಾರೋ, ಎರಡು ಹೆಜ್ಜೆ ಓಡಿ ಎದುರಿನವನ ಎದೆಗೆ ಒರಗಿಕೊಂಡು ನಿಲ್ಲುತ್ತಿದ್ದ. ಬಸ್ಸಿನಲ್ಲಿ ನಿದ್ದೆ ಬಂದವನು ಪಕ್ಕದವನ ಮೇಲೆ ಒರಗುತ್ತಾನಲ್ಲ, ಹಾಗೆ. ರಕ್ತಸಂಬಂಧ ಅಂದರೆ ಸುಮ್ಮನೆಯಾ, ದಯಾನಂದ ನಮ್ಮ ಕಡೆಯವನು ಎಂದು ಎದೆ ಉಬ್ಬಿಸಿ ಪಕ್ಕದಲ್ಲಿ ಕೂತಿದ್ದವರಿಗೂ ಹೇಳಿದೆ.

ವರದಿ ಬರೆಯಲು ಹತ್ತು ದಿನ ಹಿಡಿಯಿತು. ಹದಿನಾಲ್ಕು ಪುಟ. ಸವಕಳಿಯ ಪಟ್ಟಿಯನ್ನೂ ಸೇರಿಸಿದ್ದೆ, ಮೊಣಕಾಲಿಗೆ ಬೇರೆ, ಭುಜಕ್ಕೆ ಬೇರೆ. "ಹುಡುಗನ ಜೀವನದ ಪ್ರಶ್ನೆ, ಒಂದ್ಸಲ ಕೋಚನ್ನಾದ್ರೂ ಕೇಳಿ" ಎಂದಳು ಸುಮಿತ್ರ. ಸ್ವತಂತ್ರ ಸರ್ವೇಯರ್ ಯಾರನ್ನೂ ಕೇಳುವುದಿಲ್ಲ ಎಂದು ತಿಳಿಸಿದೆ.

ಕೃಷ್ಣಪ್ಪನ ಮನೆಯ ಹಜಾರದಲ್ಲಿ ಸಭೆ ಸೇರಿತು. ದಯಾನಂದ, ಲೋಕೇಶ ಇಬ್ಬರೂ ಬಂದಿದ್ದರು, ನನ್ನ ಜೊತೆ ಸುಮಿತ್ರಳೂ. ಎದ್ದು ನಿಂತು ಓದಿದೆ.

"ಶ್ರೀ ದಯಾನಂದ ಅವರು ಸದರಿ ಪಂದ್ಯದಲ್ಲಿ ಎದುರಾಳಿಯನ್ನು ಮೂರು ಬಾರಿ ನೆಲಕ್ಕೆ ಕೆಡವಿ ಅಪ್ರತಿಮ ಸಾಹಸ ಮೆರೆದಿರುತ್ತಾರೆ. ಇವರ ಸಂಭಾವನೆಯನ್ನು ದುಪ್ಪಟ್ಟು ಮಾಡತಕ್ಕದ್ದು. ಬದಲಿ ಆಟಗಾರ ಲೋಕೇಶ ಎಂಬುವವನು ಮೈದಾನದಲ್ಲಿ ಇದ್ದನೆಂಬುದಕ್ಕೆ ಅವನ ನೆರಳನ್ನು ಬಿಟ್ಟರೆ ಬೇರೆ ಪುರಾವೆ ಇರುವುದಿಲ್ಲ. ದುರಸ್ತಿಗೆ ಯೋಗ್ಯನಲ್ಲ. ಗುಜರಿ ಬೆಲೆಯೂ ಹುಟ್ಟುವುದಿಲ್ಲವಾದ್ದರಿಂದ ಇವನನ್ನು ಕೂಡಲೇ ಕೈಬಿಟ್ಟು, ಹಿಟ್ಟಿನ ಗಿರಣಿಯಲ್ಲಿ ಕೂರಲು ಸೂಚಿಸತಕ್ಕದ್ದು."

ಗಿರಣಿಯ ಸಾಲು ಬೇಕಿರಲಿಲ್ಲ. ಬರೆಯುವಾಗ ಅದಕ್ಕೆ ನಾನೇ ನಕ್ಕಿದ್ದೆ, ಅದಕ್ಕೆ ಉಳಿಸಿಕೊಂಡಿದ್ದೆ.

ದಯಾನಂದ ಮೈಸೂರು ಪಾಕು ಅಗಿಯುತ್ತಾ ತಲೆ ತಗ್ಗಿಸಿದ. ಅದನ್ನು ನಾನು ವಿನಯ ಎಂದುಕೊಂಡೆ. ಲೋಕೇಶ ಎದ್ದು, ಎಲ್ಲರಿಗೂ ಕೈಮುಗಿದು, ಚಪ್ಪಲಿ ಮೆಟ್ಟಿ ಹೊರಟುಹೋದ. ಕೃಷ್ಣಪ್ಪ ವರದಿ ಇಸಿದುಕೊಂಡು ಪುಟ ತಿರುವಿದ.

"ಭಾವ, ಇದೇನಿದು? ದಯಾನಂದ, ನಂಬರ್ ಐವತ್ತಮೂರು ಅಂತ ಹಾಕಿದೀರ? ಆವತ್ತು ಐವತ್ತಮೂರು ಹಾಕಿದ್ದೋನು ಲೋಕೇಶ."

"ಚೀಟೀಲಿ ನೀನೇ ಬರ್ಕೊಟ್ಟಿದ್ದೀಯಲ್ಲ."

"ಚೀಟಿ ಕೊಟ್ಟಿದ್ದು ಬುಧವಾರ. ಎಂಟು ಶನಿ ಸಂಖ್ಯೆ ಅಂತ ನೀವೇ ಹೇಳಿದ್ರಲ್ಲ, ಶನಿವಾರ ಇಬ್ರ ಜೆರ್ಸೀನೂ ಬದಲಾಯಿಸ್ದೆ. ನಲವತ್ತಾರು ಕೂಡಿದ್ರೆ ಒಂದು ಬರುತ್ತೆ, ಸೂರ್ಯ. ಅದು ದಯಾನಂದಂಗೆ."

ದಯಾನಂದ ಇನ್ನೊಂದು ಮೈಸೂರು ಪಾಕಿಗೆ ಕೈ ಹಾಕಿದ. ಕೃಷ್ಣಪ್ಪ ಒಳಗಿನಿಂದ ಒಪ್ಪಂದದ ಕಾಗದ ತಂದು, ಮೊತ್ತ ಇಮ್ಮಡಿ ಮಾಡಿ ಬರೆದು, ವರದಿಯ ಜೊತೆ ನನ್ನ ಕೈಗಿತ್ತ. "ಓಡಿ ಭಾವ. ಮೆಟ್ರೋ ಹತ್ತೋಕೆ ಮುಂಚೆ ಹಿಡೀರಿ. ಸಹಿ ಆಗ್ದೆ ವಾಪಸ್ ಬರ್ಬೇಡಿ."

ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಕೈಯಲ್ಲಿ ಒಪ್ಪಂದ, ಇನ್ನೊಂದರಲ್ಲಿ ಹದಿನಾಲ್ಕು ಪುಟದ ವರದಿ ಹಿಡಿದು ಕೆಂಗೇರಿಯ ರಸ್ತೆಯಲ್ಲಿ ಓಡಿದೆ. ಮೆಟ್ರೋ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಲೋಕೇಶ ಫೋನಿನಲ್ಲಿ ಮಾತು ಮುಗಿಸುತ್ತಿದ್ದ. "ಆಯ್ತು ಸಾರ್, ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ."

"ಲೋಕೇಶ, ತಪ್ಪಾಯ್ತು ಕಣಪ್ಪ" ಎಂದೆ ಏದುಸಿರು ಬಿಡುತ್ತಾ. "ಹೊಗಳಿದ್ದೆಲ್ಲ ನಿನ್ನನ್ನೇ. ಜೆರ್ಸಿ ಬದಲಾಗಿದ್ದು ನಂಗೆ ಗೊತ್ತಿರಲಿಲ್ಲ. ನೀನ್ಯಾಕೆ ಅಲ್ಲೇ ಹೇಳಲಿಲ್ಲ?"

"ಎಲ್ಲಾರ್ಗೂ ಗೊತ್ತಿತ್ತಲ್ಲ ಸಾರ್. ನಿಮಗೂ ಗೊತ್ತು ಅಂದ್ಕೊಂಡೆ. ನೆಂಟರ ಹುಡುಗನ್ನ ಉಳಿಸ್ಕೊಳ್ತಾ ಇದೀರ ಅಂತ ಸುಮ್ನಾದೆ."

ಪೆದ್ದ ಅಂದುಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಡುಗ ನನ್ನನ್ನು ಮೋಸಗಾರ ಅಂದುಕೊಂಡಿದ್ದ. ಒಪ್ಪಂದ ಮುಂದೆ ಹಿಡಿದು, "ದುಪ್ಪಟ್ಟು ಬರ್ದಿದಾರೆ ನೋಡು" ಎಂದೆ.

"ಬೇಡ ಸಾರ್. ಆ ಮ್ಯಾಚಿನ ದಿನಾನೇ ರಾಜಾಜಿನಗರದ ಕೋಚ್ ಬಾ ಅಂದಿದ್ರು. ನಮ್ ಟೀಮು ಅಂತ ಹತ್ತು ದಿನ ಕಾದೆ. ಈಗ ಒಪ್ಕೊಂಡೆ, ಮಾತು ಕೊಟ್ಟಾಯ್ತು." ನನ್ನ ಇನ್ನೊಂದು ಕೈಯಲ್ಲಿದ್ದ ವರದಿ ನೋಡಿ ಕೇಳಿದ, "ಸಾರ್, ಆ ರಿಪೋರ್ಟಲ್ಲಿ ಹೊಗಳಿರೋ ಪುಟ ಮಾತ್ರ ಕೊಡ್ತೀರಾ? ಹಳೇ ಟೀಮಿಂದ ಏನಾದ್ರೂ ಬರೆಸ್ಕೊಂಡು ಬಾ ಅಂದ್ರು. ಅಪ್ಪಂಗೂ ತೋರಿಸ್ಬೇಕು."

ಹೇಗೆ ಇಲ್ಲ ಎನ್ನಲಿ? ಬರೆಯಲು ಜಾಗವಿರಲಿಲ್ಲ. ಅವನೇ ಬಗ್ಗಿ ಬೆನ್ನು ಕೊಟ್ಟ. ಆ ಬೆನ್ನಿನ ಮೇಲೆ ಕಾಗದವಿಟ್ಟು, ದಯಾನಂದ ಎಂಬುದನ್ನು ಹೊಡೆದು ಲೋಕೇಶ ಎಂದು ತಿದ್ದಿ, ಅಪ್ರತಿಮ ಸಾಹಸವನ್ನು ಹಾಗೇ ಉಳಿಸಿ, ತಾರೀಖು ಹಾಕಿ ಸಹಿ ಮಾಡಿದೆ. ಮೆಟ್ಟಿಲು ಹತ್ತಿ ಇಳಿಯುತ್ತಿದ್ದವರೆಲ್ಲ ನೋಡಿದರು. ಹುಡುಗ ಪುಟವನ್ನು ಮಡಿಸಿ ಜೇಬಿಗಿಟ್ಟುಕೊಂಡು, ನನಗೆ ಕೈಮುಗಿದು ಮೆಟ್ಟಿಲು ಹತ್ತಿದ.

ಮೆಲ್ಲಗೆ ನಡೆದು ವಾಪಸಾದೆ. ಕೃಷ್ಣಪ್ಪ ಗೇಟಿನಲ್ಲೇ ಕಾಯುತ್ತಿದ್ದ, ಹಿಂದೆ ಸುಮಿತ್ರ.

"ಸಿಕ್ಕಿದ್ನಾ ಭಾವ?"

"ಸಿಕ್ಕಿದ."

"ಸಹಿ ಆಯ್ತಾ?"

"ಆಯ್ತು" ಎಂದೆ. "ನಂದು."