ಮೊದಲ ದರ್ಜೆಯ ಪರದೆ

"ಒಂದು ಪರದೆ ಒಗೆಯೋದಕ್ಕೆ ತಜ್ಞರು ಯಾಕೆ? ನಾನಿಲ್ವಾ!"

ಹೀಗೆಂದು ಎದೆ ತಟ್ಟಿಕೊಂಡವರು ನಮ್ಮ ಗೈಡ್ ಮಹಾಶಯರು. ಮ್ಯೂಸಿಯಂ ಅಂಗಳದಲ್ಲಿ ನಿಲ್ಲಿಸಿರುವ ಹಳೆಯ ಪ್ರಯಾಣಿಕರ ಜೆಟ್ ವಿಮಾನಕ್ಕೆ ಹತ್ತೊಂಬತ್ತು ವರ್ಷಗಳಿಂದ ಅವರೇ ಸರ್ವಾಧಿಕಾರಿ. ವಿಮಾನ ಹಾರುವುದನ್ನು ನಿಲ್ಲಿಸಿ ನಲವತ್ತು ವರ್ಷವಾಗಿದೆ. ಗೈಡ್ ಮಹಾಶಯರಂತೂ ಜೀವಮಾನದಲ್ಲಿ ಹಾರಿದವರೇ ಅಲ್ಲ. ಆದರೂ "ಮೇಲೇರುವಾಗ ಕಿವಿ ಗುಂಯ್ ಅನ್ನುತ್ತೆ ನೋಡಿ" ಎಂದು ಅವರು ವರ್ಣಿಸಿದರೆ ನೋಡಲು ಬಂದ ಮಕ್ಕಳೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದರು!

ವಿಮಾನದೊಳಗೆ ಮೊದಲ ದರ್ಜೆಗೂ ಸಾಮಾನ್ಯ ದರ್ಜೆಗೂ ನಡುವೆ ಒಂದು ನೀಲಿ ಪರದೆ. ಸೀಟಿನ ಬಟ್ಟೆ, ನೆಲದ ಹಾಸು ಎಲ್ಲ ಬದಲಾಗಿ, ಅಂದಿನದೆಂದು ಉಳಿದಿದ್ದ ಬಟ್ಟೆ ಅದೊಂದೇ. ಮರುದಿನ ಹನ್ನೊಂದು ಗಂಟೆಗೆ ಈ ವಿಮಾನವನ್ನು ಕೊನೆಯ ಸಲ ಹಾರಿಸಿದ ಪೈಲಟ್, ಈಗ ಎಂಬತ್ತು ದಾಟಿದ ಅಜ್ಜ, ತಮ್ಮ ವಿಮಾನ ನೋಡಲು ಬರುವವರಿದ್ದರು. ಪರದೆಯೋ, ಕೊಡವಿದರೆ ಸಾಕು, ಮೂರು ಸಾಲಿನವರು ಸೀನಬೇಕು. ಆದರೆ ಕ್ಯುರೇಟರ್ ಮೇಡಂ, "ಬಟ್ಟೆ ತಜ್ಞರು ಬರೋ ತನಕ ಅದನ್ನ ಯಾರೂ ಮುಟ್ಟಬಾರದು. ಮುಟ್ಟಿದವರು ಗೇಟಿನ ಹತ್ರ ಬ್ಯಾಗ್ ಕಾಯ್ತಾ ಕೂರ್ತಾರೆ, ಅಷ್ಟೇ!" ಎಂದು ಗುಡುಗಿದ್ದರು.

ಆ ವಿಮಾನವೆಂದರೆ ಗೈಡ್ ಮಹಾಶಯರಿಗೆ ಪ್ರಾಣ. ಆದರೆ ಹೊಗಳಿಸಿಕೊಳ್ಳುವ ಚಪಲ ಬಿಡಬೇಕಲ್ಲ! ಸಂಜೆ ಯಾರಿಗೂ ಕಾಣದಂತೆ ಪರದೆ ಬಿಚ್ಚಿ, ಚೀಲಕ್ಕೆ ತುರುಕಿ, ಮನೆಗೆ ತಂದರು.

ಹೆಂಡತಿ ಅಂಗಡಿಗೆ ಹೋಗಿದ್ದಳು. ವಾಷಿಂಗ್ ಮೆಷಿನ್ನಿಗೆ ಇದ್ದದ್ದು ಹನ್ನೊಂದು ಗುಂಡಿ. ದಿನವೂ ಕಾಕ್‌ಪಿಟ್ಟಿನ ನೂರಾರು ಗುಂಡಿಗಳ ಹೆಸರು ಹೇಳುವವರಿಗೆ ಇದ್ಯಾವ ಲೆಕ್ಕ! ಕುದಿಯುವಂಥ ಬಿಸಿನೀರು, ಎರಡು ಪಟ್ಟು ಸೋಪಿನ ಪುಡಿ, ಎಲ್ಲಕ್ಕಿಂತ ಜೋರಾದ ಗುಂಡಿ. ಮೆಷಿನ್ನು ಗುಡುಗುಟ್ಟಿತು, ಕುಣಿಯಿತು, ಗೋಡೆ ಬಿಟ್ಟು ಒಂದು ಗೇಣು ಮುಂದೆಯೂ ಬಂತು.

"ಟೇಕಾಫ್!" ಎಂದು ಗೈಡ್ ಮಹಾಶಯರು ಚಪ್ಪಾಳೆ ತಟ್ಟಿದರು.

ಮುಚ್ಚಳ ತೆಗೆದರೆ ಪರದೆಯೇ ಇಲ್ಲ! ನೀಲಿ ನಾರಿನ ಒಂದು ಉಂಡೆ, ಅದರ ಮೇಲೆ ನಾಲ್ಕು ಕೊಕ್ಕೆ. ಅಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ರೀ, ಏನ್ರೀ ಅದು?"

"ಪರದೆ."

"ಯಾರ್ದು?"

"ಇತಿಹಾಸದ್ದು," ಎಂದವರು ಮೆಷಿನ್ನಿನ ಪಕ್ಕದಲ್ಲೇ ಕುಸಿದು ಕೂತರು. "ನಾಳೆಯಿಂದ ಬ್ಯಾಗ್ ಕಾಯೋದೇ ಕಣೇ. ನನ್ನ ವಿಮಾನ ಹೋಯ್ತು!"

ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹೆಂಡತಿಯ ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಅವಳಿಗೆ ಪಾಪ ಅನ್ನಿಸಿತು. ಮುಂದಿನ ಕೋಣೆಯ ಕಿಟಕಿಗೆ ಅವಳೇ ಒಂದು ತಿಂಗಳು ಕೂತು ಕೈಯಲ್ಲಿ ಹೊಲಿದ ಪರದೆ ಇತ್ತು. ಅದೂ ನೀಲಿ. ಸ್ಟೂಲ್ ಹತ್ತಿ ಬಿಚ್ಚಿದಳು.

"ನಾಳೆ ಒಂದು ದಿನ ಮಾತ್ರ. ಅಜ್ಜ ಹೋದ ಕೂಡ್ಲೇ ಮೇಡಂಗೆ ನಿಜ ಹೇಳಿ, ಇದನ್ನ ವಾಪಸ್ ತರ್ಬೇಕು."

"ಅಂಚು ಸ್ವಲ್ಪ ಸೊಟ್ಟ ಇದೆಯಲ್ಲೇ..."

"ಬೇಕೋ, ಬೇಡ್ವೋ?"

"ಬೇಕು, ಬೇಕು!"

ಮರುದಿನ ಬೆಳಿಗ್ಗೆ ಮೇಡಂ ಪರದೆಯ ಮುಂದೆ ನಿಂತು ಕನ್ನಡಕ ಏರಿಸಿದರು. "ಇದು ಇಷ್ಟು ನೀಲಿ ಇತ್ತಾ?" ಗೈಡ್ ಮಹಾಶಯರ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಅದೇ ಹೊತ್ತಿಗೆ ಪೈಲಟ್ ಅಜ್ಜ ಕೋಲೂರಿಕೊಂಡು ಒಳಗೆ ಬಂದರು. ಪರದೆ ಕಂಡದ್ದೇ ನಿಂತುಬಿಟ್ಟರು. ಹತ್ತಿರ ಬಂದು ಅಂಚನ್ನು ಹಿಡಿದರು.

"ಇದೇ! ಕೊನೇ ದಿನ ಇಳಿಯೋವಾಗ ಇದನ್ನೇ ಹಿಡ್ಕೊಂಡು ಅತ್ತಿದ್ದೆ. ನೋಡಿ, ಈ ಸೊಟ್ಟ ಅಂಚು! ಇದನ್ನ ಮರೆಯೋಕಾಗುತ್ತಾ?"

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಜ್ಜ ಹೋದ ಮೇಲೆ ಗೈಡ್ ಮಹಾಶಯರು ಧೈರ್ಯ ಮಾಡಿ, "ಮೇಡಂ, ಒಂದು ವಿಷಯ ಹೇಳ್ಬೇಕಿತ್ತು..." ಎಂದರು.

"ಏನೂ ಹೇಳ್ಬೇಡಿ, ನಾನು ಮತ್ತೆ ಅತ್ತುಬಿಡ್ತೀನಿ. ಇದಕ್ಕೆ ಇವತ್ತೇ ಗಾಜು ಹಾಕಿಸಬೇಕು!"

ಗಾಜು ಬಂತು, ಬೀಗ ಬಂತು, ಫಲಕ ಬಂತು: "ಅಂದಿನ ನುರಿತ ಕೈಗಳ ಹೊಲಿಗೆ. ಇಂಥ ಕೆಲಸ ಇಂದು ಕಾಣಸಿಗದು." ದಿನಕ್ಕೆ ಎಂಟು ಸಲ, ಬಂದವರಿಗೆಲ್ಲ ಅದನ್ನು ಗಟ್ಟಿಯಾಗಿ ಓದಿ ವಿವರಿಸಬೇಕೆಂದು ಮೇಡಂ ಅವರ ಅಪ್ಪಣೆಯಾಯಿತು. ವಿಮಾನ ಉಳಿಯಿತು! ಮನೆಯ ಕಿಟಕಿ ಮಾತ್ರ ಬೋಳಾಯಿತು, ಹೆಂಡತಿ ಮಾತು ಬಿಟ್ಟಳು.

ಭಾನುವಾರ ಎರಡನೆಯ ಸುತ್ತಿಗೆ ಗೈಡ್ ಮಹಾಶಯರು ನೋಡುತ್ತಾರೆ, ಹೆಂಡತಿ ಟಿಕೆಟ್ ಕೊಂಡು ಬಂದು ಮೊದಲ ದರ್ಜೆಯಲ್ಲಿ ಪರದೆಗೆ ಹತ್ತಿರದ ಸೀಟಿನಲ್ಲಿ ಕೂತಿದ್ದಾಳೆ! ಪಕ್ಕದಲ್ಲೇ ಮೇಡಂ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿಯ ಯಾವ ಕೆಲಸಕ್ಕೂ "ಚೆನ್ನಾಗಿದೆ" ಎನ್ನದವರು ಗಂಟಲು ಸರಿಪಡಿಸಿಕೊಂಡರು.

"ಈ ಹೊಲಿಗೆ ನೋಡಿ... ಎಂಥ ತಾಳ್ಮೆ, ಎಂಥ ಕೈಚಳಕ! ಆ ಕೈಗಳಿಗೆ... ಆ ಕೈಗಳಿಗೆ ಎಷ್ಟು ನಮಸ್ಕಾರ ಮಾಡಿದ್ರೂ ಸಾಲದು."

ಹೆಂಡತಿ ಕೈ ಎತ್ತಿದಳು.

"ಗೈಡ್ ಸಾರ್, ಇಪ್ಪತ್ತಾರು ವರ್ಷದಿಂದ ಈ ಮಾತು ನಂಗೆ ಕೇಳಿಸ್ತಾನೇ ಇಲ್ಲ. ಇನ್ನೊಂದ್ಸಲ ಹೇಳಿ, ಸ್ವಲ್ಪ ಜೋರಾಗಿ!"